ಅವಮೌದರ್ಯವೂ ಅನ್ನದ ಅಳತೆಯೂ

ತೂಕವಿಳಿಕೆಯ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ಶ್ರಾವಕ-ಶ್ರಾವಿಕೆಯರಿಗೂ ಅವರ ಮನೆಯವರಿಗೂ ಒಂದು ಪಾಠ

೧. ವಿಷಯ ಪ್ರವೇಶ

ಬಾಹ್ಯ ತಪಸ್ಸುಗಳು ಆರು: ಅನಶನ, ಅವಮೌದರ್ಯ, ವೃತ್ತಿಪರಿಸಂಖ್ಯಾನ, ರಸಪರಿತ್ಯಾಗ, ವಿವಿಕ್ತಶಯ್ಯಾಸನ ಮತ್ತು ಕಾಯಕ್ಲೇಶ. ಇವುಗಳಲ್ಲಿ ಮೊದಲಿನ ನಾಲ್ಕೂ ಆಹಾರಕ್ಕೆ ಸಂಬಂಧಿಸಿದವು. ಆ ನಾಲ್ಕರಲ್ಲಿ ಆಹಾರವನ್ನು ಪೂರ್ಣವಾಗಿ ಬಿಡುವಂಥದು ಅನಶನವೊಂದೇ. ಉಳಿದ ಮೂರೂ ಅಳತೆಯನ್ನರಿತು, ಆಯ್ದು, ರಸವನ್ನು ತೊರೆದು ಉಣ್ಣುವ ತಪಸ್ಸುಗಳು. ನಮ್ಮ ಮನೆಗಳಲ್ಲಿ ವ್ರತವೆಂದೊಡನೆ ಉಪವಾಸವೇ ನೆನಪಿಗೆ ಬರುವುದರಿಂದ ಈ ಮೂರರ ಮಹತ್ತ್ವ ಹಿಂದೆ ಸರಿದಿದೆ.

ಅತಿಸ್ಥೂಲತೆ, ಮಧುಮೇಹ ಮೊದಲಾದ ಕಾರಣಗಳಿಂದ ಜಠರದ ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳುವವರು ಇಂದು ಎಲ್ಲ ಸಮಾಜಗಳಲ್ಲಿಯೂ ಇದ್ದಾರೆ. ಕೋಲಾರ ಸೀಮೆಯವರು ಬೆಂಗಳೂರಿನ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆದು ಕ್ಯಾಲನೂರಿನಂಥ ಊರಿಗೆ ಹಿಂದಿರುಗಿದಾಗ, ಅವರ ಕೈಯಲ್ಲಿರುವ ಪಥ್ಯದ ಪಟ್ಟಿಯಲ್ಲಿ ಮೊಟ್ಟೆ, ಮೀನು, ಡಬ್ಬಿಯ ಪುಡಿಗಳ ಹೆಸರುಗಳೇ ಮೊದಲು ಕಾಣುವುದುಂಟು. ಅದು ಜೈನ ಅಡುಗೆಮನೆಗೆ ಒಗ್ಗದು. ಇತ್ತ ಮನೆಯಲ್ಲಿ ಅಷ್ಟಮಿ, ಚತುರ್ದಶಿ, ದಶಲಕ್ಷಣ ಪರ್ವಗಳು ಬರುತ್ತವೆ. ದಿನಕ್ಕೆ ಎಷ್ಟು ಕ್ಯಾಲೊರಿ ಆಹಾರ ಸರಿ, ಯಾವ ವ್ರತ ಸಾಧ್ಯ, ಯಾವುದು ಅಪಾಯ ಎಂಬ ಪ್ರಶ್ನೆಗಳು ಏಳುತ್ತವೆ. ಅವುಗಳನ್ನು ಆಗಮದ ದೃಷ್ಟಿಯಿಂದಲೂ ಈಗಿನ ವೈದ್ಯವಿಜ್ಞಾನದ ದೃಷ್ಟಿಯಿಂದಲೂ ವಿಚಾರ ಮಾಡುವುದು ಈ ಪಾಠದ ಉದ್ದೇಶ. ಇದು ವೈದ್ಯರ ಸಲಹೆಗೆ ಬದಲಲ್ಲ. ಆ ಸಲಹೆಯನ್ನು ಮನೆಯ ಆಚಾರಕ್ಕೆ ಹೊಂದಿಸಿಕೊಳ್ಳಲು ಸಹಾಯ ಮಾತ್ರ.

೨. ಅವಮೌದರ್ಯದ ಲಕ್ಷಣ

ಪುರುಷನ ಸ್ವಾಭಾವಿಕ ಆಹಾರ ೩೨ ಕವಳ, ಸ್ತ್ರೀಯದು ೨೮ ಕವಳ ಎಂಬುದು ಮೂಲಾಚಾರ, ಭಗವತೀ ಆರಾಧನೆಗಳ ಪರಂಪರೆಯಲ್ಲಿ ಬಂದ ಲೆಕ್ಕ. ಅದರಲ್ಲಿ ಒಂದು ಕವಳವನ್ನು ಕಡಿಮೆ ಮಾಡಿದರೂ ಅವಮೌದರ್ಯವೇ. ಕವಳವೆಂದರೆ ಸಾವಿರ ಅಕ್ಕಿಕಾಳಿನ ಪ್ರಮಾಣವೆಂದು ಹೇಳುವುದುಂಟು. ಸಾವಿರ ಅಕ್ಕಿಕಾಳಿನ ತೂಕವನ್ನು ಸುಮಾರು ೧೮ ಗ್ರಾಂ ಎಂದು ಹಿಡಿಯೋಣ. ೩೨ ಕವಳಕ್ಕೆ ೫೭೬ ಗ್ರಾಂ ಅಕ್ಕಿಯಾಯಿತು. ೧೦೦ ಗ್ರಾಂ ಅಕ್ಕಿಗೆ ೩೪೫ ಕ್ಯಾಲೊರಿಯಂತೆ ಇದು ಸುಮಾರು ೧,೯೯೦ ಕ್ಯಾಲೊರಿ. ೨೮ ಕವಳಕ್ಕೆ ೫೦೪ ಗ್ರಾಂ, ಅಂದರೆ ಸುಮಾರು ೧,೭೪೦ ಕ್ಯಾಲೊರಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯೂ ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯೂ ೨೦೨೦ರಲ್ಲಿ ನೀಡಿದ ಲೆಕ್ಕದಂತೆ, ಹೆಚ್ಚು ಶ್ರಮದ ಕೆಲಸವಿಲ್ಲದ ಪುರುಷನಿಗೆ ದಿನಕ್ಕೆ ೨,೧೧೦, ಸ್ತ್ರೀಗೆ ೧,೬೬೦ ಕ್ಯಾಲೊರಿ ಬೇಕು. ಅಕ್ಕಿಯ ಜಾತಿಯಿಂದ ಕಾಳಿನ ತೂಕ ಹೆಚ್ಚುಕಡಿಮೆಯಾಗುವುದರಿಂದ ಈ ಹೋಲಿಕೆಯನ್ನು ಬಿಗಿಯಾಗಿ ಹಿಡಿಯಬಾರದು. ಆದರೂ ಪೂರ್ವಾಚಾರ್ಯರು ಆಹಾರವನ್ನು ಅಳೆಯದೆ ಬಿಟ್ಟವರಲ್ಲ ಎಂಬುದಕ್ಕೆ ಇದು ನಿದರ್ಶನವಾಗಿದೆ.

ಅವಮೌದರ್ಯ ಏತಕ್ಕೆ? ಸಂಯಮದಲ್ಲಿ ಎಚ್ಚರ, ದೋಷಗಳ ಉಪಶಮನ, ಸಂತೋಷ, ಸ್ವಾಧ್ಯಾಯವು ಸುಖವಾಗಿ ಸಾಗುವುದು ಎಂಬ ಫಲಗಳನ್ನು ಪೂಜ್ಯಪಾದ ಆಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ಹೇಳಿದ್ದಾರೆ. ಗಂಗ ರಾಜನಾದ ದುರ್ವಿನೀತನಿಗೆ ಪೂಜ್ಯಪಾದರು ಗುರುಗಳಾಗಿದ್ದರೆಂಬ ಸಂಪ್ರದಾಯವಿದೆ. ಆ ಗಂಗರ ಮೊದಲ ರಾಜಧಾನಿಯಾದ ಕುವಳಾಲವೇ ಇಂದಿನ ಕೋಲಾರ. ಈ ಸೀಮೆಯ ಮನೆಗಳಿಗೆ ಆಚಾರ್ಯರ ಮಾತು ದೂರದ್ದಲ್ಲ.

ಈ ಫಲಗಳಿಂದ ಒಂದು ಪರೀಕ್ಷೆ ದೊರೆಯುತ್ತದೆ. ಕಡಿಮೆ ಉಂಡುದರಿಂದ ಮನಸ್ಸು ಹಗುರಾಗಿ ಸ್ವಾಧ್ಯಾಯ ಸಾಗಿದರೆ ಅದು ಅವಮೌದರ್ಯ. ತಲೆ ಸುತ್ತಿ, ಕಾಲು ನಡುಗಿ, ಬಸದಿಯ ಮೆಟ್ಟಿಲು ಹತ್ತಲಾರದೆ, ಜಪಕ್ಕೆ ಕುಳಿತರೆ ಕಣ್ಣು ಕತ್ತಲಿಟ್ಟರೆ ಅದು ಅಪೋಷಣೆ.

ಇನ್ನೊಂದು ಮಾತು. ತಪಸ್ಸು ಇಚ್ಛೆಯ ನಿರೋಧ. ಶಸ್ತ್ರಚಿಕಿತ್ಸೆಯಿಂದ ಜಠರ ಚಿಕ್ಕದಾಗಿ ಹೆಚ್ಚು ಉಣ್ಣಲಾಗದಿರುವುದು ಶರೀರದ ಸ್ಥಿತಿಯೇ ಹೊರತು ತಪಸ್ಸಲ್ಲ. ನಾಲ್ಕು ತುತ್ತಿಗೇ ಹೊಟ್ಟೆ ತುಂಬಿತೆಂದು ಹೆಮ್ಮೆಪಡಬೇಕಾದುದೂ ಇಲ್ಲ. ಆರು ಸಲ ಉಣ್ಣಬೇಕಾಯಿತೆಂದು ನಾಚಬೇಕಾದುದೂ ಇಲ್ಲ.

೩. ಶಸ್ತ್ರಚಿಕಿತ್ಸೆಯಿಂದ ಆಗುವ ಮಾರ್ಪಾಡು

ಅಮೆರಿಕದ ಅಯೋವಾ ವಿಶ್ವವಿದ್ಯಾಲಯದ ಎಡ್ವರ್ಡ್ ಮೇಸನ್ ಎಂಬ ಶಸ್ತ್ರವೈದ್ಯರು ೧೯೬೬ರಲ್ಲಿ ಜಠರದ ಬೈಪಾಸ್ ಚಿಕಿತ್ಸೆಯನ್ನು ಆರಂಭಿಸಿದರು. ಇಂದು ಹೆಚ್ಚಾಗಿ ನಡೆಯುವವು ಎರಡು ವಿಧ. ಸ್ಲೀವ್ ಎಂಬ ವಿಧಾನದಲ್ಲಿ ಜಠರದ ಮುಕ್ಕಾಲು ಭಾಗಕ್ಕೂ ಹೆಚ್ಚನ್ನು ಕತ್ತರಿಸಿ ತೆಗೆದು, ಬಾಳೆಕಾಯಿಯಂಥ ಕಿರಿದಾದ ನಳಿಕೆಯನ್ನು ಉಳಿಸುವರು. ಬೈಪಾಸ್ ವಿಧಾನದಲ್ಲಿ ಸುಮಾರು ೩೦ ಮಿಲಿಲೀಟರ್ ಹಿಡಿಯುವ ಚಿಕ್ಕ ಚೀಲವನ್ನು ಮಾಡಿ, ಅದನ್ನು ಕರುಳಿನ ಮುಂದಿನ ಭಾಗಕ್ಕೆ ಜೋಡಿಸುವರು.

ಇದರಿಂದ ಮೂರು ಮಾರ್ಪಾಡುಗಳಾಗುತ್ತವೆ. ಮೊದಲನೆಯದಾಗಿ, ಒಂದು ಸಲಕ್ಕೆ ಹಿಡಿಯುವ ಆಹಾರ ಬಹು ಕಡಿಮೆ. ಎರಡನೆಯದಾಗಿ, ಹಸಿವನ್ನು ಹುಟ್ಟಿಸುವ ಗ್ರೆಲಿನ್ ಎಂಬ ರಸದೂತವು ಮುಖ್ಯವಾಗಿ ಜಠರದ ಮೇಲ್ಭಾಗದಲ್ಲಿ ಉತ್ಪತ್ತಿಯಾಗುವುದರಿಂದ, ಆ ಭಾಗ ಹೋದ ಮೇಲೆ ಬಹುಕಾಲ ಹಸಿವೇ ತೋರದಿರಬಹುದು. ಆದುದರಿಂದ ಹಸಿವಿಲ್ಲ ಎಂಬುದು ಶರೀರಕ್ಕೆ ಆಹಾರ ಸಾಕಾಗಿದೆ ಎಂಬುದಕ್ಕೆ ಗುರುತಲ್ಲ. ಉಪವಾಸ ಇಂಥವರಿಗೆ ಸುಲಭವಾಗಿ ತೋರುವುದೂ ಈ ಕಾರಣದಿಂದಲೇ. ಅಪಾಯ ಅಡಗಿರುವುದೂ ಅಲ್ಲಿಯೇ. ಮೂರನೆಯದಾಗಿ, ಕಬ್ಬಿಣ, ಕ್ಯಾಲ್ಸಿಯಂ, ಬಿ-೧೨ ಮೊದಲಾದ ಪೋಷಕಾಂಶಗಳ ಗ್ರಹಣ ಕುಂದುತ್ತದೆ. ಇದು ಬೈಪಾಸ್ ಆದವರಲ್ಲಿ ಹೆಚ್ಚು. ಮೊದಲೇ ಶುದ್ಧ ಸಸ್ಯಾಹಾರಿಗಳಾದ ನಮಗೆ ಬಿ-೧೨ ದೊರೆಯುವುದು ಹಾಲು-ಮೊಸರುಗಳಿಂದ ಮಾತ್ರ.

೪. ಸರಿಯಾದ ಅಳತೆಯನ್ನು ಕಂಡುಕೊಳ್ಳುವ ಕ್ರಮ

ಒಂದು ಕಿಲೋಗ್ರಾಂ ನೀರಿನ ಉಷ್ಣತೆಯನ್ನು ಒಂದು ಡಿಗ್ರಿ ಸೆಲ್ಸಿಯಸ್ ಏರಿಸಲು ಬೇಕಾದ ಶಾಖವೇ ಆಹಾರದ ಲೆಕ್ಕದ ಒಂದು ಕ್ಯಾಲೊರಿ. ಪಿಷ್ಟ-ಸಕ್ಕರೆಗಳಲ್ಲಿಯೂ ಪ್ರೋಟೀನಿನಲ್ಲಿಯೂ ಗ್ರಾಮಿಗೆ ೪, ಕೊಬ್ಬಿನಲ್ಲಿ ೯ ಕ್ಯಾಲೊರಿ ಇರುತ್ತವೆ.

ಚಿಕಿತ್ಸೆಯಾದ ಮೊದಲ ವಾರಗಳಲ್ಲಿ ತಿಳಿದ್ರವ, ಅನಂತರ ಹಾಲಿನಂಥ ದ್ರವ, ಆಮೇಲೆ ಅರೆದ ಆಹಾರ, ಬಳಿಕ ಮೆತ್ತಗಿನ ಆಹಾರ ಎಂಬ ಕ್ರಮವಿರುತ್ತದೆ. ಆಗ ದಿನಕ್ಕೆ ೪೦೦ರಿಂದ ೬೦೦ ಕ್ಯಾಲೊರಿಗಿಂತ ಹೆಚ್ಚು ಸಾಮಾನ್ಯವಾಗಿ ಸೇರುವುದಿಲ್ಲ. ಆರು ತಿಂಗಳ ವೇಳೆಗೆ ೮೦೦ರಿಂದ ೧,೦೦೦, ವರ್ಷ ಕಳೆದ ಮೇಲೆ ೧,೦೦೦ದಿಂದ ೧,೪೦೦ ಎಂಬುದು ಸಾಧಾರಣ ಮಿತಿ. ಎತ್ತರ, ವಯಸ್ಸು, ದುಡಿಮೆಗಳಿಗೆ ಅನುಸಾರವಾಗಿ ಇದು ಬದಲಾಗುತ್ತದೆ. ಎಲ್ಲರಿಗೂ ಒಪ್ಪುವ ಒಂದೇ ಅಂಕಿ ಇಲ್ಲ. ಆದುದರಿಂದ ಅಳತೆಯನ್ನು ಮೂರು ಮೆಟ್ಟಿಲುಗಳಲ್ಲಿ ಅರಸಬೇಕು.

ಮೊದಲ ಮೆಟ್ಟಿಲು ಪ್ರೋಟೀನು. ದಿನಕ್ಕೆ ಕನಿಷ್ಠ ೬೦ ಗ್ರಾಂ ಬೇಕೆಂಬುದು ವೈದ್ಯರ ಸಾಮಾನ್ಯ ನಿಯಮ. ಇದು ಕಡಿಮೆಯಾದರೆ ಶರೀರ ಕೊಬ್ಬಿನ ಜೊತೆಗೆ ತನ್ನ ಮಾಂಸಖಂಡವನ್ನೂ ಕರಗಿಸಿಕೊಳ್ಳುತ್ತದೆ. ಎರಡನೆಯ ಮೆಟ್ಟಿಲು ನೀರು: ದಿನಕ್ಕೆ ಕನಿಷ್ಠ ಒಂದೂವರೆ ಲೀಟರು, ಗುಟುಕು ಗುಟುಕಾಗಿ. ಈ ಎರಡೂ ಸರಿಹೋದ ಮೇಲೆ ಮೂರನೆಯ ಮೆಟ್ಟಿಲಾಗಿ ಕ್ಯಾಲೊರಿಯ ಲೆಕ್ಕ.

ಆ ಲೆಕ್ಕವನ್ನು ಮನೆಯಲ್ಲಿಯೇ ಮಾಡಬಹುದು. ಒಂದು ತಿಂಗಳು ತಿಂದುದನ್ನೆಲ್ಲ ತೂಗಿ ಪುಸ್ತಕದಲ್ಲಿ ಬರೆಯಿರಿ. ವಾರಕ್ಕೊಮ್ಮೆ, ಒಂದೇ ಹೊತ್ತಿನಲ್ಲಿ, ಮೈತೂಕ ನೋಡಿ. ಒಂದು ಕಿಲೋ ಶರೀರದ ಕೊಬ್ಬಿಗೆ ಸುಮಾರು ೭,೭೦೦ ಕ್ಯಾಲೊರಿ ಎಂದು ಹಿಡಿಯುವುದು ವಾಡಿಕೆ. ಉದಾಹರಣೆಗೆ, ಒಬ್ಬರು ದಿನಕ್ಕೆ ೯೦೦ ಕ್ಯಾಲೊರಿ ಸೇವಿಸಿ ೩೦ ದಿನಗಳಲ್ಲಿ ೨ ಕಿಲೋ ಇಳಿದರೆಂದು ಭಾವಿಸೋಣ. ೨ ಕಿಲೋಗೆ ೧೫,೪೦೦. ಅದನ್ನು ೩೦ರಿಂದ ಭಾಗಿಸಿದರೆ ದಿನಕ್ಕೆ ೫೧೩. ಅಂದರೆ ಅವರ ಶರೀರ ದಿನಕ್ಕೆ ಸುಮಾರು ೧,೪೦೦ ಕ್ಯಾಲೊರಿ ವ್ಯಯಿಸುತ್ತಿದೆ. ಇಳಿಯಬೇಕಾದ ತೂಕ ಇಳಿದ ಮೇಲೆ ಅವರು ನಿಲ್ಲಬೇಕಾದ ಮಟ್ಟವೂ ಅದರ ಸಮೀಪದ್ದೇ, ಅಥವಾ ಸ್ವಲ್ಪ ಕೆಳಗಿನದು. ಏಕೆಂದರೆ ಮೈತೂಕ ಇಳಿದಂತೆ ವ್ಯಯವೂ ಕುಗ್ಗುತ್ತದೆ. ಮೊದಲ ತಿಂಗಳುಗಳಲ್ಲಿ ನೀರೂ ಮಾಂಸವೂ ಇಳಿಯುವುದರಿಂದ, ಆರು ತಿಂಗಳ ಅನಂತರವಷ್ಟೇ ಈ ಲೆಕ್ಕ ನಂಬಿಕೆಗೆ ಅರ್ಹ. ತೂಕ ಇಳಿಯುವುದು ನಿಂತಿತೆಂದು ಗಾಬರಿಯಿಂದ ಆಹಾರವನ್ನು ಇನ್ನೂ ಕಡಿಮೆ ಮಾಡಬಾರದು. ಆ ಪುಸ್ತಕವನ್ನೂ ರಕ್ತಪರೀಕ್ಷೆಯ ವರದಿಯನ್ನೂ ವೈದ್ಯರಿಗೆ ತೋರಿಸಿ, ಅವರು ಹೇಳಿದಂತೆ ಏರಿಸಬೇಕು ಇಲ್ಲವೇ ಇಳಿಸಬೇಕು.

೫. ನಮ್ಮ ಅಡುಗೆಮನೆಯಲ್ಲಿ

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳ ಕಡೆ ರಾಗಿಮುದ್ದೆಯೇ ಪ್ರಧಾನ ಆಹಾರ. ರಾಗಿ ಒಳ್ಳೆಯ ಧಾನ್ಯ. ೧೦೦ ಗ್ರಾಮಿಗೆ ಸುಮಾರು ೩೪೪ ಮಿಲಿಗ್ರಾಂ ಕ್ಯಾಲ್ಸಿಯಂ ಅದರಲ್ಲಿದೆ. ಆದರೆ ಮುದ್ದೆಯನ್ನು ಅಗಿಯದೆ ನುಂಗುವುದು ನಮ್ಮ ರೂಢಿ. ಚಿಕಿತ್ಸೆಯಾದವರು ಪ್ರತಿ ತುತ್ತನ್ನೂ ಇಪ್ಪತ್ತು ಮೂವತ್ತು ಸಲ ಅಗಿಯಬೇಕಾದುದರಿಂದ, ನುಂಗಿದ ಮುದ್ದೆ ಕಿರಿದಾದ ಜಠರದ ಬಾಯಲ್ಲಿ ನಿಂತು ನೋವು, ವಾಂತಿಗಳನ್ನು ತರಬಹುದು. ಮೊದಲು ತೆಳುವಾದ ರಾಗಿಗಂಜಿ, ಬಳಿಕ ಅಗಿದು ತಿನ್ನುವ ಮೆತ್ತಗಿನ ರೊಟ್ಟಿ ಸೂಕ್ತ. ಅವರೆಯ ಕಾಲದಲ್ಲಿ ಸಿಪ್ಪೆ ತೆಗೆದ ಹಿತಕಿದ ಬೇಳೆ ಬಹಳ ಅನುಕೂಲವಾದುದು; ಮೆತ್ತಗೆ ಬೇಯುತ್ತದೆ, ಪ್ರೋಟೀನೂ ಇದೆ. ಶ್ರೀನಿವಾಸಪುರದ ಮಾವಿನಹಣ್ಣನ್ನು ರಸವಾಗಿ ಕುಡಿಯದೆ, ಒಂದೆರಡು ಹೋಳುಗಳನ್ನು ಅಗಿದು ತಿನ್ನಬೇಕು.

ವರ್ಷ ತುಂಬಿದವರಿಗೆ ಒಂದು ದಿನದ ಮಾದರಿ ಹೀಗಿರಬಹುದು:

(೧) ಕಾಯಿಸಿದ ಹಾಲು ೨೦೦ ಮಿ.ಲೀ.: ೧೩೪ ಕ್ಯಾಲೊರಿ, ೬ ಗ್ರಾಂ ಪ್ರೋಟೀನು.
(೨) ೪೦ ಗ್ರಾಂ ಹೆಸರುಬೇಳೆಯ ದೋಸೆ, ಒಂದು ಚಮಚ ಎಣ್ಣೆ: ೧೮೪ ಕ್ಯಾಲೊರಿ, ೧೦ ಗ್ರಾಂ.
(೩) ೪೦ ಗ್ರಾಂ ತೊಗರಿಬೇಳೆಯ ಗಟ್ಟಿ ತೊವ್ವೆ, ೩೦ ಗ್ರಾಂ ಹಿಟ್ಟಿನ ರಾಗಿರೊಟ್ಟಿ, ಸ್ವಲ್ಪ ತರಕಾರಿ, ಒಂದು ಚಮಚ ತುಪ್ಪ: ೨೯೨ ಕ್ಯಾಲೊರಿ, ೧೨ ಗ್ರಾಂ.
(೪) ಮನೆಯಲ್ಲಿ ಮಾಡಿದ ಪನೀರ್ ೮೦ ಗ್ರಾಂ: ೨೧೨ ಕ್ಯಾಲೊರಿ, ೧೫ ಗ್ರಾಂ.
(೫) ಹುರಿದು ಬೀಸಿದ ೩೦ ಗ್ರಾಂ ಸೋಯಾ ಹಿಟ್ಟಿನ ತೆಳುದೋಸೆ, ಎಣ್ಣೆಯಿಲ್ಲದೆ: ೧೩೦ ಕ್ಯಾಲೊರಿ, ೧೩ ಗ್ರಾಂ.
(೬) ಅಸ್ತಮಯಕ್ಕೆ ಮುನ್ನ ಹಾಲು ೨೦೦ ಮಿ.ಲೀ.: ೧೩೪ ಕ್ಯಾಲೊರಿ, ೬ ಗ್ರಾಂ.

ಒಟ್ಟು ೧,೦೮೬ ಕ್ಯಾಲೊರಿ, ಸುಮಾರು ೬೨ ಗ್ರಾಂ ಪ್ರೋಟೀನು. ಕಂದಮೂಲವಿಲ್ಲ, ಮೊಟ್ಟೆಯಿಲ್ಲ. ಬೇಳೆ ಮತ್ತು ಹಾಲಿನ ಪದಾರ್ಥಗಳು ಬೇರೆ ಬೇರೆ ಹೊತ್ತಿಗೆ ಬಂದಿರುವುದರಿಂದ ದ್ವಿದಳದ ದೋಷಕ್ಕೂ ಅವಕಾಶವಿಲ್ಲ. ಹಿಟ್ಟನ್ನು ಮಳೆಗಾಲದಲ್ಲಿ ೩, ಬೇಸಿಗೆಯಲ್ಲಿ ೫, ಚಳಿಗಾಲದಲ್ಲಿ ೭ ದಿನಗಳ ಮರ್ಯಾದೆಯೊಳಗೆ ಬಳಸುವ ಮನೆಯವರು ಸ್ವಲ್ಪ ಸ್ವಲ್ಪವೇ ಬೀಸಿಕೊಂಡರಾಯಿತು. ಈ ಅಳತೆಗೆ ದಿನಕ್ಕೊಂದು ಹಿಡಿ ಸಾಕು.

ಆಹಾರ ಎಷ್ಟೇ ಸರಿಯಿದ್ದರೂ ವಿಟಮಿನ್ ಮಾತ್ರೆಗಳನ್ನು ಜೀವನವಿಡೀ ಬಿಡುವಂತಿಲ್ಲ. ಕ್ಯಾಪ್ಸೂಲುಗಳ ಹೊದಿಕೆ ಸಾಮಾನ್ಯವಾಗಿ ಪ್ರಾಣಿಜನ್ಯವಾದ ಜೆಲಟಿನ್ ಆಗಿರುವುದರಿಂದ, ಅಗಿಯುವ ಮಾತ್ರೆ ಅಥವಾ ಸಸ್ಯಜನ್ಯ ಹೊದಿಕೆಯದನ್ನು ಬರೆದುಕೊಡುವಂತೆ ವೈದ್ಯರನ್ನು ಕೇಳಬಹುದು. ವಿಟಮಿನ್ ಡಿ-೩ ಬಹುಮಟ್ಟಿಗೆ ಕುರಿಯ ಉಣ್ಣೆಯ ಜಿಡ್ಡಿನಿಂದ ತಯಾರಾಗುತ್ತದೆ. ಕಲ್ಲುಹೂವಿನಿಂದ ತಯಾರಾದುದೂ ಉಂಟು. ಕಬ್ಬಿಣ ಮತ್ತು ಕ್ಯಾಲ್ಸಿಯಂ ಮಾತ್ರೆಗಳ ನಡುವೆ ಎರಡು ಗಂಟೆಯಾದರೂ ಅಂತರವಿರಲಿ.

೬. ಅಸ್ತಮಯದೊಳಗೆ ನೀರಿನ ಲೆಕ್ಕ

ರಾತ್ರಿಭೋಜನ ತ್ಯಾಗವಿರುವವರಿಗೆ ಅನ್ನಕ್ಕಿಂತ ನೀರಿನ ಪ್ರಶ್ನೆಯೇ ಕಠಿಣ. ಕೋಲಾರದಲ್ಲಿ ಚಳಿಗಾಲದ ಅತಿ ಚಿಕ್ಕ ಹಗಲು ಸುಮಾರು ೧೧ ಗಂಟೆ ೨೦ ನಿಮಿಷ. ಗಟ್ಟಿ ಆಹಾರಕ್ಕೆ ಅರ್ಧ ಗಂಟೆ ಮುಂಚೆಯೂ ಅನಂತರವೂ ನೀರು ಕುಡಿಯಬಾರದು. ನಾಲ್ಕು ಗಟ್ಟಿ ಆಹಾರಗಳಿಗೂ ಎರಡು ಸಲದ ಹಾಲಿಗೂ ಆರು ಗಂಟೆಗೂ ಮಿಗಿಲಾದ ಕಾಲ ಹೋಗುತ್ತದೆ. ಉಳಿದ ಐದು ಗಂಟೆಯಲ್ಲಿ, ಹಾಲಿನ ೪೦೦ ಮಿ.ಲೀ. ಕಳೆದು, ೧,೧೦೦ ಮಿ.ಲೀ. ಸೋಸಿದ ನೀರು ಸೇರಬೇಕು; ಅಂದರೆ ಹೆಚ್ಚುಕಡಿಮೆ ಅರ್ಧ ಗಂಟೆಗೊಮ್ಮೆ ೧೦೦ ಮಿ.ಲೀ. ಗಡಿಯಾರ ನೋಡಿ ಕುಡಿದರೆ ಇದು ಸಾಧ್ಯ. ಉದಯದ ಬಳಿಕವೂ ಅಸ್ತಕ್ಕೆ ಮುಂಚೆಯೂ ಎರಡೆರಡು ಗಳಿಗೆ ಬಿಡುವವರಿಗೆ ಹಗಲು ಇನ್ನೂ ೯೬ ನಿಮಿಷ ಚಿಕ್ಕದಾಗುತ್ತದೆ. ಅಂಥವರು ಗುರುಗಳಲ್ಲಿ ನಿವೇದಿಸಿಕೊಂಡು, ಅನ್ನದ ನಿಯಮವನ್ನು ಪೂರ್ಣವಾಗಿಟ್ಟು, ನೀರು ಮತ್ತು ಔಷಧಿಗೆ ಮಾತ್ರ ವಿನಾಯಿತಿ ಪಡೆಯುವುದು ಉಚಿತ.

೭. ಯಾವ ವ್ರತ ಸಲ್ಲುವುದು

ನಿರ್ಜಲ ಉಪವಾಸ ಇಂಥವರಿಗೆ ಸಲ್ಲದು. ಒಮ್ಮೆಗೆ ಹೆಚ್ಚು ನೀರು ಕುಡಿಯಲಾರದವರು ಮರುದಿನ ಆ ಕೊರತೆಯನ್ನು ತುಂಬಿಕೊಳ್ಳಲಾರರು. ನಿರ್ಜಲೀಕರಣದಿಂದ ಮೂತ್ರಪಿಂಡಕ್ಕೆ ಧಕ್ಕೆ, ಕಲ್ಲು ಉಂಟಾಗಬಹುದು. ಏಕಾಶನವೂ ಕಷ್ಟವೇ. ಒಂದು ಸಲಕ್ಕೆ ೨೫೦-೩೦೦ ಕ್ಯಾಲೊರಿ ಮಾತ್ರ ಹಿಡಿಯುವ ಜಠರಕ್ಕೆ ಏಕಾಶನವೆಂದರೆ ದಿನದ ಅಗತ್ಯದ ಕಾಲುಭಾಗವಷ್ಟೇ. ದಶಲಕ್ಷಣದ ಹತ್ತು ದಿನವೂ ಹೀಗಾದರೆ ಶರೀರದ ಗತಿಯೇನು? ಮಧುಮೇಹದ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರಿಗೆ ರಕ್ತದ ಸಕ್ಕರೆ ಹಠಾತ್ತನೆ ಕುಸಿಯುವ ಭಯವೂ ಇದೆ.

ಹಾಗೆಂದು ಪರ್ವಕಾಲ ಬರಿದಾಗಬೇಕಿಲ್ಲ. ಹಾಲು, ಮೊಸರು, ತುಪ್ಪ, ಎಣ್ಣೆ, ಬೆಲ್ಲ, ಉಪ್ಪು ಎಂಬ ಆರು ರಸಗಳಲ್ಲಿ ಬೆಲ್ಲ-ಸಕ್ಕರೆಯನ್ನು ತೊರೆಯುವುದು ಇವರಿಗೆ ವ್ರತವೂ ಹೌದು, ಪಥ್ಯವೂ ಹೌದು. ಸಿಹಿ ಬೇಗನೆ ಕರುಳಿಗೆ ಇಳಿದಾಗ ಬೆವರು, ಎದೆಬಡಿತ, ಭೇದಿ ಉಂಟಾಗುವುದನ್ನು ವೈದ್ಯರು ಡಂಪಿಂಗ್ ಎನ್ನುವರು. ಪಾರಣೆಯ ಬೆಲ್ಲದ ಪಾನಕ, ಪಾಯಸಗಳು ಇದಕ್ಕೆ ಕಾರಣವಾಗಬಲ್ಲವು. ಪರ್ವದಿನಗಳಲ್ಲಿ ಎಣ್ಣೆ ಅಥವಾ ತುಪ್ಪವನ್ನೂ ಬಿಡಬಹುದು. ಹಾಲು-ಮೊಸರನ್ನು ಬಿಡಬಾರದು, ಪ್ರೋಟೀನೂ ಬಿ-೧೨ ಇರುವುದು ಅಲ್ಲಿಯೇ. ಉಪ್ಪನ್ನು ವೈದ್ಯರನ್ನು ಕೇಳದೆ ಬಿಡಬಾರದು. ಇಂದು ಇಂತಿಷ್ಟೇ ಪದಾರ್ಥಗಳು ಎಂದು ಎಣಿಕೆಯನ್ನು ಕಟ್ಟಿಕೊಳ್ಳುವುದು, ಮೌನವಾಗಿ ಉಣ್ಣುವುದು, ಸ್ವಾಧ್ಯಾಯ, ಸಾಮಾಯಿಕ, ಆಹಾರದಾನ—ಇವೆಲ್ಲಕ್ಕೂ ಅವಕಾಶವಿದೆ. ಷೋಡಶಕಾರಣ ಭಾವನೆಗಳಲ್ಲಿ ಹೇಳಿರುವುದು ಶಕ್ತಿಯನ್ನರಿತ ತಪಸ್ಸು; ಶಕ್ತಿಯನ್ನು ಅಡಗಿಸದೆ, ಮೀರದೆ ಮಾಡುವುದು ಅದರ ಅರ್ಥ.

ಚಿಕಿತ್ಸೆಗೆ ಮುಂಚೆಯೇ ಇಷ್ಟು ಉಪವಾಸವೆಂದು ವ್ರತ ಹಿಡಿದಿದ್ದರೆ, ತಾನಾಗಿ ಮುರಿಯುವುದೂ ಬೇಡ, ಗುಟ್ಟಾಗಿ ನಡೆಸುವುದೂ ಬೇಡ. ವ್ರತವಿತ್ತ ಗುರುಗಳಲ್ಲಿಗೆ ಹೋಗಿ ಶರೀರಸ್ಥಿತಿಯನ್ನು ಮುಚ್ಚುಮರೆಯಿಲ್ಲದೆ ತಿಳಿಸಿ, ಅವರು ವಿಧಿಸಿದ ಮಾರ್ಪಾಡನ್ನು ಸ್ವೀಕರಿಸಬೇಕು.

ಗಂಗ ಮಾರಸಿಂಹನು ೧೦ನೆಯ ಶತಮಾನದಲ್ಲಿ ಬಂಕಾಪುರದಲ್ಲಿ ಅಜಿತಸೇನಾಚಾರ್ಯರ ಸನ್ನಿಧಿಯಲ್ಲಿ ಸಲ್ಲೇಖನವನ್ನು ಕೈಗೊಂಡುದನ್ನು ನಾವು ಗೌರವದಿಂದ ಸ್ಮರಿಸುತ್ತೇವೆ. ಅದು ಬಾಳಿನ ಕೊನೆಯಲ್ಲಿ, ಗುರುಸಾಕ್ಷಿಯಾಗಿ ನಡೆಯುವ ವ್ರತ. ಬದುಕಿ ಧರ್ಮಸಾಧನೆ ಮಾಡಬೇಕೆಂದು ಚಿಕಿತ್ಸೆ ಪಡೆದವರು ಅನ್ನವನ್ನು ಕುಗ್ಗಿಸುತ್ತ ಹೋಗುವುದಕ್ಕೆ ಅದು ಆದರ್ಶವಾಗಲಾರದು.

೮. ಮನೆಯವರ ಕರ್ತವ್ಯ

ಪರ್ವದ ದಿನ ಎಲ್ಲರೂ ಉಪವಾಸವಿರುವಾಗ ಸೊಸೆಯೊಬ್ಬಳು ಎರಡು ಗಂಟೆಗೊಮ್ಮೆ ತಟ್ಟೆಯ ಮುಂದೆ ಕುಳಿತರೆ ಮಾತು ಬರುವುದು ಸಹಜ. ಆ ಮಾತಿಗೆ ಅಂಜಿ ಆಕೆ ಊಟ ಬಿಟ್ಟರೆ ಆಗುವ ಹಾನಿಯಲ್ಲಿ ಆಡಿದವರದೂ ಪಾಲುಂಟು. ಅತ್ತೆಯವರೇ ಬಟ್ಟಲನ್ನು ಮುಂದಿಟ್ಟು, ತಾಯೀ, ನಿನ್ನ ವ್ರತ ಇದೇ ಎಂದರೆ ಆ ಮನೆಯಲ್ಲಿ ಅಹಿಂಸೆ ನೆಲೆಸಿದೆ ಎಂದು ತಿಳಿಯಬೇಕು.

ಕೆಲವು ಲಕ್ಷಣಗಳನ್ನು ಮನೆಯವರೆಲ್ಲ ಅರಿತಿರಬೇಕು. ಎರಡು ಮೂರು ದಿನ ಬಿಡದೆ ವಾಂತಿ, ದೃಷ್ಟಿ ಮಸುಕಾಗುವುದು, ನಡಿಗೆ ತೂರಾಡುವುದು, ಮಾತು ತೊಡಕುವುದು ಥಯಾಮಿನ್ ಎಂಬ ವಿಟಮಿನ್ ಬರಿದಾದುದರ ಗುರುತಾಗಿರಬಹುದು. ತಡಮಾಡಿದರೆ ನರಗಳಿಗೆ ಶಾಶ್ವತವಾದ ಹಾನಿಯುಂಟು. ಹಗಲೇ ಇರಲಿ, ರಾತ್ರಿಯೇ ಇರಲಿ, ಪರ್ವವೇ ಇರಲಿ, ಕೂಡಲೇ ಆಸ್ಪತ್ರೆಗೆ ಕರೆದೊಯ್ಯಬೇಕು. ಕಾಲು ಊದುವುದು ಪ್ರೋಟೀನಿನ ಕೊರತೆಯ, ನಿಂತೊಡನೆ ತಲೆ ಸುತ್ತುವುದು ನೀರಿನ ಕೊರತೆಯ ಸೂಚನೆಯಾಗಿರಬಹುದು. ಇವನ್ನೂ ವೈದ್ಯರಿಗೆ ತಿಳಿಸಬೇಕು.

ಒಟ್ಟಿನಲ್ಲಿ, ಚಿಕಿತ್ಸೆಯಾದವರಿಗೆ ಹೊಟ್ಟೆ ಅಳತೆಗೋಲಲ್ಲ, ಹಸಿವು ಅಳತೆಗೋಲಲ್ಲ, ನೆರೆಯವರ ಉಪವಾಸವೂ ಅಳತೆಗೋಲಲ್ಲ. ತೂಗಿ ಬರೆದ ಲೆಕ್ಕ, ವೈದ್ಯರ ಪರೀಕ್ಷೆ, ಗುರುಗಳ ಆಜ್ಞೆ ಈ ಮೂರೂ ಕೂಡಿದಲ್ಲಿ ಸಿಗುವ ಪ್ರಮಾಣವೇ ಅವರ ಪಾಲಿನ ಸರಿಯಾದ ಆಹಾರ. ಅದನ್ನು ಲೋಭವಿಲ್ಲದೆ, ಹೆಚ್ಚಿಲ್ಲದೆ, ಕೊರತೆಯಿಲ್ಲದೆ ಪ್ರತಿದಿನವೂ ಪಾಲಿಸುವುದು ಸುಲಭವಾದ ನಿಯಮವೇನೂ ಅಲ್ಲ.

ಮನನಕ್ಕಾಗಿ ಪ್ರಶ್ನೆಗಳು

೧. ಆಹಾರಕ್ಕೆ ಸಂಬಂಧಿಸಿದ ನಾಲ್ಕು ಬಾಹ್ಯ ತಪಸ್ಸುಗಳು ಯಾವುವು? ಅವುಗಳಿಗಿರುವ ಭೇದವೇನು?
೨. ಜಠರ ಚಿಕ್ಕದಾದುದರಿಂದ ಕಡಿಮೆ ಉಣ್ಣುವುದು ಅವಮೌದರ್ಯವೇಕೆ ಅಲ್ಲ?
೩. ದಿನಕ್ಕೆ ೧,೦೦೦ ಕ್ಯಾಲೊರಿ ಸೇವಿಸಿ ೩೦ ದಿನದಲ್ಲಿ ಒಂದು ಕಿಲೋ ಇಳಿದವರ ದಿನದ ವ್ಯಯವೆಷ್ಟು?
೪. ಆರು ರಸಗಳಲ್ಲಿ ಇಂಥವರು ಯಾವುದನ್ನು ತೊರೆಯಬಹುದು, ಯಾವುದನ್ನು ತೊರೆಯಬಾರದು? ಕಾರಣವೇನು?